ಬಾಲಚುಕ್ಕಿಗೆ ಅಂಜಬೇಕೆ?

ಆಕಾಶದಲ್ಲಿ ಬಾಲಚುಕ್ಕಿ ಮೂಡಿದರೆ ಅರಸನಿಗೆ ಅಳಿವು, ನಾಡಿಗೆ ಬರ ಎಂಬ ನಂಬಿಕೆ ಬಹು ಹಳೆಯದು. 1910ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ಈ ಅಂಜಿಕೆಗೆ ಆಧಾರವೂ ದೊರೆತಂತಾಯಿತು. ಆ ಮೇ 6ರಂದು, ಭಾರತದ ಚಕ್ರವರ್ತಿಯೂ ಆಗಿದ್ದ ಏಳನೆಯ ಎಡ್ವರ್ಡ್ ದೊರೆ ತೀರಿಕೊಂಡನು. ಬಾಲದಲ್ಲಿ ಸಯನೋಜನ್ ಎಂಬ ವಿಷಾನಿಲವಿದೆಯೆಂಬ ಸುದ್ದಿ ಹಬ್ಬಿ, ಪಾಶ್ಚಾತ್ಯ ನಗರಗಳ ಓದುಬಲ್ಲ ಜನರೂ ‘ಧೂಮಕೇತು ಗುಳಿಗೆ’ಗಳನ್ನು ಕೊಂಡರು. ಅಂಜಿಕೆ ಅನಕ್ಷರಸ್ಥರ ಸೊತ್ತೆಂದು ಭಾವಿಸುವವರು ಇದನ್ನು ಗಮನಿಸಬೇಕು. ಕಡೆಗೆ ಯಾರಿಗೂ ಏನೂ ಆಗಲಿಲ್ಲ. ಬಾಲದ ಅನಿಲವು ಅಷ್ಟು ವಿರಳವಾದುದು.

ಧೂಮಕೇತುವಿನಲ್ಲಿ ಧೂಮವೂ ಇಲ್ಲ, ಬೆಂಕಿಯೂ ಇಲ್ಲ. ಹಿಮ, ಹೆಪ್ಪುಗಟ್ಟಿದ ಅನಿಲ, ಧೂಳು ಇವುಗಳ ಮುದ್ದೆಯದು. 1986ರಲ್ಲಿ ಯುರೋಪಿನ ‘ಜಿಯೊಟ್ಟೊ’ ನೌಕೆಯು ಹ್ಯಾಲಿಯ ಸುಮಾರು 600 ಕಿಲೋಮೀಟರು ಸನಿಹಕ್ಕೆ ಹೋಗಿ ನೋಡಿದಾಗ, ಅದರ ಗರ್ಭವು ಸುಮಾರು 15 ಕಿಲೋಮೀಟರು ಉದ್ದವಾಗಿಯೂ ಇದ್ದಿಲಿನಂತೆ ಕಪ್ಪಾಗಿಯೂ ಇದ್ದಿತು. ಸೂರ್ಯನಿಂದ ದೂರವಿರುವಾಗ ಅದಕ್ಕೆ ಬಾಲವೇ ಇರುವುದಿಲ್ಲ. ಸಮೀಪಿಸಿದಂತೆ ಹಿಮವು ನೀರಾಗದೆ ನೇರವಾಗಿ ಆವಿಯಾಗಿ, ಧೂಳನ್ನೂ ಹೊತ್ತು ಹೊರಚಿಮ್ಮುತ್ತದೆ. ಸೂರ್ಯನ ಬೆಳಕೂ ಅವನಿಂದ ಹೊರಡುವ ಕಣಗಳ ಪ್ರವಾಹವೂ ಅದನ್ನು ಆಚೆಗೆ ತಳ್ಳುವುದರಿಂದ ಬಾಲವು ಸದಾ ಸೂರ್ಯನಿಗೆ ವಿಮುಖವಾಗಿರುತ್ತದೆ. ಹಿಂದಿರುಗುವಾಗಲಂತೂ ಬಾಲವೇ ಮುಂದೆ, ತಲೆ ಹಿಂದೆ!

1531, 1607, 1682ರಲ್ಲಿ ಕಂಡುದು ಒಂದೇ ಧೂಮಕೇತುವೆಂದು ಎಡ್ಮಂಡ್ ಹ್ಯಾಲಿ ಗಣಿತದಿಂದ ನಿರ್ಣಯಿಸಿ, ಅದು 1758ರಲ್ಲಿ ಮರಳುವುದೆಂದನು. ಆ ವರ್ಷದ ಡಿಸೆಂಬರಿನಲ್ಲಿ ಅದು ಕಾಣಿಸಿಕೊಂಡಿತು. ಹ್ಯಾಲಿ ತೀರಿಕೊಂಡು ಆಗಲೇ ಹದಿನಾರು ವರ್ಷಗಳಾಗಿದ್ದವು. ಸುಮಾರು 76 ವರ್ಷಕ್ಕೊಮ್ಮೆ ತಪ್ಪದೆ ಬರುವ ಅತಿಥಿಯು ಯಾವ ಅರಸನ ಜಾತಕವನ್ನು ನೋಡಿ ಹೊರಟೀತು?

ತಿಥಿ, ವಾರ, ನಕ್ಷತ್ರಗಳ ಶುಭಾಶುಭವನ್ನು ಅಲ್ಲಗಳೆದ ಶರಣರ ಪರಂಪರೆಯವರು ನಾವು. ಆದರೂ ಗ್ರಹಣ ಬಂದರೆ ಬಾಗಿಲಿಕ್ಕಿ ಕೂರುವ ಮನೆಗಳು ನಮ್ಮಲ್ಲಿ ಇಲ್ಲವೆ? ಮಕ್ಕಳು ನೋಡಬೇಕೆಂದು ಕೇಳಿದಾಗ ಗದರಿಸಿ ಒಳಗೆ ಕರೆಯುವವರೂ ನಾವೇ. ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯನ್ನು ಕಟ್ಟಿ ಬೆಳೆಸಿದ ವೈನು ಬಾಪು ಅವರು 1949ರಲ್ಲಿ, ಅಮೆರಿಕದಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಛಾಯಾಚಿತ್ರದ ಫಲಕವೊಂದರಲ್ಲಿ ಹೊಸ ಧೂಮಕೇತುವನ್ನು ಗುರುತಿಸಿದರು. ಅದು ಇಂದಿಗೂ ಅವರ ಮತ್ತು ಇಬ್ಬರು ಸಂಗಡಿಗರ ಹೆಸರನ್ನು ಹೊತ್ತಿದೆ.

ಹ್ಯಾಲಿ ಧೂಮಕೇತು ಮತ್ತೆ ಬರುವುದು 2061ರಲ್ಲಿ. ಅಷ್ಟು ಕಾಲ ಕಾಯಲಾರದ ಹಿರಿಯರಿಗೂ ದಾರಿಯುಂಟು. ಅದು ಉದುರಿಸಿಹೋದ ಧೂಳಿನ ಹಾದಿಯನ್ನು ಭೂಮಿಯು ಪ್ರತಿವರ್ಷ ಎರಡು ಬಾರಿ ಹಾಯುತ್ತದೆ. ಮೇ ಮೊದಲ ವಾರದ ನಸುಕಿನಲ್ಲಿ ಅಥವಾ ಅಕ್ಟೋಬರ್ 21ರ ಸುಮಾರಿಗೆ ನಡುರಾತ್ರಿಯ ಮೇಲೆ, ಮೋಡವಿಲ್ಲದಿದ್ದರೆ, ಮಾಳಿಗೆಯ ಮೇಲೆ ಚಾಪೆ ಹಾಸಿ ಮೊಮ್ಮಕ್ಕಳೊಡನೆ ಮಲಗಿರಿ. ಆಗ ಉರಿದುಬೀಳುವ ಉಲ್ಕೆಗಳಲ್ಲಿ ಹಲವು ಹ್ಯಾಲಿಯ ಧೂಳಿನವೇ.