ಬ್ಯಾಟರಿ ಬದಲಿಸುವಾಗ ಮೊದಲು ಯಾವ ತಂತಿ?

ಬೇಲೂರಿನ ಕಡೆ ಮಾರ್ಗಶಿರದ ಚಳಿ ಬಿದ್ದ ಬೆಳಿಗ್ಗೆ ಕಾರಿನ ಕೀಲಿ ತಿರುಗಿಸಿದರೆ 'ಟಿಕ್ ಟಿಕ್' ಎಂಬ ಸದ್ದಷ್ಟೇ ಬರುವುದುಂಟು. 'ಸೆಲ್ಫ್ ತಗೋತಿಲ್ಲ, ತಳ್ಳಿ' ಎಂದು ಮನೆಮಂದಿಯನ್ನೆಲ್ಲ ಕರೆಯುವುದೂ ಉಂಟು. ಅರಸೀಕೆರೆಗೆ ತೆಂಗಿನಕಾಯಿ ಹೇರಿಕೊಂಡು ಹೊರಟ ಗೂಡ್ಸ್ ಆಟೋ, ಹಳೇಬೀಡಿನ ದೇವಸ್ಥಾನದ ಮುಂದೆ ದೀಪ ಆರಿಸಲು ಮರೆತು ನಿಲ್ಲಿಸಿದ ಪ್ರವಾಸಿಗರ ಕಾರು, ಎಲ್ಲದರ ಪಾಡೂ ಇದೇ. ಕೊನೆಗೆ ಹೊಸ ಬ್ಯಾಟರಿ ತಂದು ಮನೆಯಲ್ಲೇ ಹಾಕೋಣವೆಂದು ಯೋಚಿಸುತ್ತೇವೆ. ಎರಡು ನಟ್ ಬಿಚ್ಚಿ ಎರಡು ನಟ್ ಬಿಗಿಯುವ ಕೆಲಸವೇನೋ ಹೌದು. ಆದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ತಪ್ಪಿದರೆ ಕೈ ಸುಡಬಹುದು, ಸಾವಿರಾರು ರೂಪಾಯಿಯ ಎಲೆಕ್ಟ್ರಾನಿಕ್ ಭಾಗಗಳೂ ಹೋಗಬಹುದು. ಆ ಕ್ರಮದ ಕಾರಣ ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲೇ ಇದೆ.

ಪೆಟ್ಟಿಗೆಯೊಳಗೇನಿದೆ?

ಸೀಸ ಮತ್ತು ಗಂಧಕಾಮ್ಲದ ಈ ಬ್ಯಾಟರಿಯನ್ನು 1859ರಲ್ಲಿ ಕಂಡುಹಿಡಿದವರು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ. ಒಳಗಿನ ರಾಸಾಯನಿಕ ಕ್ರಿಯೆ ಇಂದಿಗೂ ಅದೇ. ಒಂದು ತಟ್ಟೆ ಸೀಸ, ಇನ್ನೊಂದು ಸೀಸದ ಡೈಆಕ್ಸೈಡ್, ನಡುವೆ ದುರ್ಬಲಗೊಳಿಸಿದ ಗಂಧಕಾಮ್ಲ. ಇಂಥ ಒಂದು ಕೋಶದಿಂದ ಸುಮಾರು 2.1 ವೋಲ್ಟ್ ಸಿಗುತ್ತದೆ. ಕಾರಿನ ಬ್ಯಾಟರಿಯಲ್ಲಿ ಅಂಥ 6 ಕೋಶಗಳು ಸರಣಿಯಲ್ಲಿರುತ್ತವೆ. ಪೂರ್ತಿ ಚಾರ್ಜ್ ಆದಾಗ 12.6 ವೋಲ್ಟ್ ಬರುವುದು ಹೀಗೆ. ಅರಸೀಕೆರೆ ಜಂಕ್ಷನ್‌ನಲ್ಲಿ ರೈಲು ನಿಂತಾಗ ಹಳೆಯ ಮಾದರಿಯ ಬೋಗಿಗಳ ಅಡಿಯಲ್ಲಿ ದೊಡ್ಡ ಪೆಟ್ಟಿಗೆಗಳನ್ನು ಗಮನಿಸಿರಬಹುದು. ಅಲ್ಲಿಯೂ ಇಂಥ ಕೋಶಗಳನ್ನೇ ಸಾಲಾಗಿ ಜೋಡಿಸಿ 110 ವೋಲ್ಟ್ ಪಡೆದು ದೀಪ, ಫ್ಯಾನುಗಳನ್ನು ನಡೆಸುತ್ತಾರೆ.

ಬ್ಯಾಟರಿಯನ್ನು ಹೆಚ್ಚು ಹಾಳುಮಾಡುವುದು ಬೇಸಿಗೆಯ ಬಿಸಿಲು. ಆಗ ನೀರು ಆರುತ್ತದೆ, ತಟ್ಟೆಗಳು ಸವೆಯುತ್ತವೆ. ಆದರೆ ಅದು ಗೊತ್ತಾಗುವುದು ಚಳಿಯಲ್ಲಿ. ಚಳಿಗೆ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ, ಎಂಜಿನ್ ಆಯಿಲ್ ಗಟ್ಟಿಯಾಗುತ್ತದೆ. ಶಕ್ತಿ ಹೆಚ್ಚು ಬೇಕಾದಾಗಲೇ ಬ್ಯಾಟರಿ ಸೋಲುತ್ತದೆ.

12 ವೋಲ್ಟ್ ಸಣ್ಣದೇ?

12 ವೋಲ್ಟ್ ನಮಗೆ ಶಾಕ್ ಹೊಡೆಯುವುದಿಲ್ಲ, ನಿಜ. ಒಣಗಿದ ಚರ್ಮದ ರೋಧ 10,000 ಓಮ್ ಎಂದಿಟ್ಟುಕೊಂಡರೆ ಓಮನ ನಿಯಮದಂತೆ ಹರಿಯುವ ಪ್ರವಾಹ 1.2 ಮಿಲಿಆಂಪೇರ್ ಮಾತ್ರ. ಆದರೆ ಚರ್ಮದ ಬದಲು ಕಬ್ಬಿಣದ ಸ್ಪ್ಯಾನರ್ ಎರಡು ಟರ್ಮಿನಲ್‌ಗಳನ್ನು ಮುಟ್ಟಿತೆನ್ನಿ. ಬ್ಯಾಟರಿಯ ಒಳರೋಧ, ಸ್ಪ್ಯಾನರ್ ಎಲ್ಲ ಸೇರಿ 0.01 ಓಮ್ ಎಂದುಕೊಂಡರೂ 12 ಭಾಗಿಸು 0.01, ಅಂದರೆ 1200 ಆಂಪೇರ್! ಮನೆಯ 1000 ವಾಟ್ ಇಸ್ತ್ರಿಪೆಟ್ಟಿಗೆ ಎಳೆಯುವುದು ಕೇವಲ 4 ಆಂಪೇರ್ ಚಿಲ್ಲರೆ. ಸ್ಪ್ಯಾನರ್ ಕ್ಷಣದಲ್ಲಿ ಕೆಂಪಗೆ ಕಾದು ಅಂಟಿಕೊಳ್ಳಬಹುದು. ಆದ್ದರಿಂದ ಕೆಲಸಕ್ಕೆ ಮುಂಚೆ ಉಂಗುರ, ಬಳೆ, ಲೋಹದ ವಾಚ್ ಪಟ್ಟಿ ತೆಗೆದಿಡಿ.

ವಾಹನದ ಮೈಯೇ ಒಂದು ತಂತಿ

ಮನೆಯಲ್ಲಿ ಪ್ರತಿ ದೀಪಕ್ಕೂ ಎರಡು ತಂತಿ ಬೇಕು. ವಾಹನದಲ್ಲಿ ಧನ ತಂತಿ ಮಾತ್ರ ಬೇರೆಯಾಗಿ ಬರುತ್ತದೆ, ವಾಪಸು ಹೋಗುವ ದಾರಿ ವಾಹನದ ಕಬ್ಬಿಣದ ಮೈಯೇ. ಬ್ಯಾಟರಿಯ ಋಣ (ಮೈನಸ್) ಟರ್ಮಿನಲ್ಲನ್ನು ಅದಕ್ಕೇ ಜೋಡಿಸಿರುತ್ತಾರೆ. ಬಾನೆಟ್ಟಿನ ಒಳಗಿನ ಕಬ್ಬಿಣವೆಲ್ಲ ಋಣ ಧ್ರುವವಾಯಿತು.

ಈಗ ಯೋಚಿಸಿ. ಧನ (ಪ್ಲಸ್) ಟರ್ಮಿನಲ್‌ನ ನಟ್ ಮೊದಲು ಬಿಚ್ಚಲು ಹೋದಾಗ ಸ್ಪ್ಯಾನರಿನ ಹಿಡಿ ಪಕ್ಕದ ಕಬ್ಬಿಣಕ್ಕೆ ತಾಗಿದರೆ ಶಾರ್ಟ್ ಆಗಿ ಕಿಡಿ ಹಾರುತ್ತದೆ. ಮೈನಸ್ ನಟ್ ಬಿಚ್ಚುವಾಗ ಸ್ಪ್ಯಾನರ್ ಮೈಗೆ ತಾಗಿದರೆ? ಎರಡೂ ಒಂದೇ ಧ್ರುವ, ಏನೂ ಆಗುವುದಿಲ್ಲ. ಮೈನಸ್ ಬಿಚ್ಚಿ ಪಕ್ಕಕ್ಕೆ ಸರಿಸಿದ ಮೇಲೆ ಮಂಡಲ ಮುರಿಯಿತು. ಆಮೇಲೆ ಪ್ಲಸ್ ಬಿಚ್ಚುವಾಗ ಮೈಗೆ ತಾಗಿದರೂ ಭಯವಿಲ್ಲ. ಬಿಚ್ಚುವಾಗ ಮೈನಸ್ ಮೊದಲು, ಸೇರಿಸುವಾಗ ಮೈನಸ್ ಕೊನೆಗೆ ಎನ್ನುವುದು ಇದಕ್ಕೇ. ತೀರ ಹಳೆಯ ಕೆಲವು ಬ್ರಿಟಿಷ್ ವಾಹನಗಳಲ್ಲಿ ಪ್ಲಸ್ಸನ್ನೇ ಮೈಗೆ ಜೋಡಿಸುತ್ತಿದ್ದರು. ಅಲ್ಲಿ ಕ್ರಮವೂ ತಿರುಗುಮುರುಗು. ಮೈಗೆ ಸೇರಿದ ತಂತಿ ಯಾವುದೋ ಅದನ್ನು ಮೊದಲು ಬಿಚ್ಚಬೇಕು.

ಕೆಲಸದ ಕ್ರಮ

ಬ್ಯಾಟರಿಯೇ ಕೆಟ್ಟಿದೆಯೆಂದು ಮೊದಲು ಖಾತ್ರಿ ಮಾಡಿಕೊಳ್ಳಿ. ರಾತ್ರಿಯಿಡೀ ನಿಂತ ವಾಹನದಲ್ಲಿ ಮಲ್ಟಿಮೀಟರ್ ಹಿಡಿದರೆ 12.4ಕ್ಕಿಂತ ಮೇಲೆ ತೋರಿಸಬೇಕು. 12ಕ್ಕೆ ಇಳಿದಿದ್ದರೆ ಚಾರ್ಜ್ ಬಹುತೇಕ ಮುಗಿದಿದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4 ಬರುತ್ತದೆ. ಆಗಲೂ 12ರ ಆಸುಪಾಸಿನಲ್ಲೇ ನಿಂತರೆ ತಪ್ಪು ಆಲ್ಟರ್ನೇಟರ್ ಕಡೆ ಇರಬಹುದು, ಹೊಸ ಬ್ಯಾಟರಿಯೂ ಕೆಲವೇ ದಿನದಲ್ಲಿ ಮಲಗುತ್ತದೆ. ಕೆಲವೊಮ್ಮೆ ಟರ್ಮಿನಲ್ ಮೇಲಿನ ಬಿಳಿ, ಹಸಿರು ಪುಡಿಯೇ ಪ್ರವಾಹಕ್ಕೆ ಅಡ್ಡಿಯಾಗಿರುತ್ತದೆ.

ಎಂಜಿನ್, ದೀಪ, ಫ್ಯಾನ್ ಎಲ್ಲ ಆರಿಸಿ, ಕೀಲಿಯನ್ನು ಹೊರತೆಗೆಯಿರಿ. ರೇಡಿಯೊಗೆ ಕೋಡ್ ಇದ್ದರೆ ಮೊದಲೇ ಬರೆದಿಟ್ಟುಕೊಳ್ಳಿ. ಪ್ಲಸ್, ಮೈನಸ್ ಯಾವ ಬದಿಗಿವೆ ಎಂದು ಚಿತ್ರ ಬರೆದುಕೊಳ್ಳಿ. ಹೊಸದು ಅದೇ ವೋಲ್ಟ್, ತಯಾರಕರು ಹೇಳಿದ ಆಂಪೇರ್-ಅವರ್, ಅದೇ ಬದಿಗೆ ಟರ್ಮಿನಲ್ ಇರುವಂಥದ್ದಾಗಿರಲಿ. ಹಳೆಯದನ್ನು ವಾಲಿಸದೆ ನೇರವಾಗಿ ಎತ್ತಿ. ಟರ್ಮಿನಲ್ ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದರೆ ನೊರೆಯುಕ್ಕುತ್ತದೆ. ಆಮ್ಲವನ್ನು ಪ್ರತ್ಯಾಮ್ಲ ಶಮನಗೊಳಿಸುವ ಪಾಠ ಅದು. ಸೋಡಾ ನೀರು ಬ್ಯಾಟರಿಯೊಳಗೆ ಹೋಗದಿರಲಿ. ಹೊಸದನ್ನು ಕೂರಿಸಿ ಅಲ್ಲಾಡದಂತೆ ಪಟ್ಟಿ ಬಿಗಿದು, ಪ್ಲಸ್ ಸೇರಿಸಿ, ಆಮೇಲೆ ಮೈನಸ್. ಮೇಲೆ ಸ್ವಲ್ಪ ವ್ಯಾಸಲೀನ್ ಸವರಿ. ಕೊನೆಯ ತಂತಿ ಮುಟ್ಟಿಸುವಾಗ ಚಿಕ್ಕ ಕಿಡಿ ಬರುವುದು ಸಹಜ. ದೊಡ್ಡ ಕಿಡಿ ಬಂದರೆ ನಿಲ್ಲಿಸಿ, ಯಾವುದು ಆನ್ ಆಗಿದೆ ನೋಡಿ.

ಮಾಡಬಾರದ್ದು

ಪ್ಲಸ್, ಮೈನಸ್ ಅದಲುಬದಲಾಗಕೂಡದು. ಆಲ್ಟರ್ನೇಟರಿನ ಡಯೋಡುಗಳು ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಡುವ ಬಾಗಿಲುಗಳು. ಧ್ರುವ ತಿರುಗಿದರೆ ಆ ಬಾಗಿಲುಗಳೆಲ್ಲ ಒಮ್ಮೆಲೇ ತೆರೆದು ಬ್ಯಾಟರಿ ಅವುಗಳ ಮೂಲಕವೇ ಶಾರ್ಟ್ ಆಗುತ್ತದೆ. ಫ್ಯೂಸ್ ಹೋದರೆ ಅದೃಷ್ಟ, ಡಯೋಡ್ ಮತ್ತು ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಸುಟ್ಟರೆ ದುಬಾರಿ ಖರ್ಚು.

ಓಡುತ್ತಿರುವ ಎಂಜಿನ್ನಿನಿಂದ ಬ್ಯಾಟರಿ ತಂತಿ ಬಿಚ್ಚಿ 'ಚಾರ್ಜ್ ಬರುತ್ತಿದೆಯೇ' ಎಂದು ನೋಡುವ ಅಭ್ಯಾಸ ಅಂಬಾಸಡರ್ ಕಾಲದಿಂದ ಬಂದದ್ದು. ಎಲೆಕ್ಟ್ರಾನಿಕ್ಸ್ ಅಷ್ಟಾಗಿ ಇರದ ಆ ಗಾಡಿಗಳಲ್ಲಿ ಅದು ನಡೆದುಹೋಗುತ್ತಿತ್ತು. ಇಂದಿನ ಗಾಡಿಯಲ್ಲಿ ಹಾಗೆ ಮಾಡಿದರೆ ಆಲ್ಟರ್ನೇಟರಿನ ವೋಲ್ಟೇಜ್ ಒಮ್ಮೆಲೇ ಜಿಗಿದು ಸೂಕ್ಷ್ಮ ಭಾಗಗಳನ್ನು ಸುಡಬಹುದು.

ಚಾರ್ಜ್ ಆಗುವಾಗ ನೀರು ವಿಭಜನೆಗೊಂಡು ಜಲಜನಕ, ಆಮ್ಲಜನಕ ಹೊರಬರುತ್ತವೆ. ಗಾಳಿಯಲ್ಲಿ ಶೇ 4ರಷ್ಟು ಜಲಜನಕವಿದ್ದರೂ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ನೀರಿನ ಮಟ್ಟ ನೋಡಲು ಬೆಂಕಿಕಡ್ಡಿ ಗೀರುವುದು, ಬೀಡಿ ಸೇದುತ್ತ ಬಗ್ಗುವುದು ಬೇಡವೇ ಬೇಡ. ಕಡಿಮೆಯಾದಾಗ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು, ಏಕೆಂದರೆ ಆರುವುದು ನೀರು, ಆಮ್ಲವಲ್ಲ. ಆಮ್ಲ ಕಣ್ಣಿಗೆ ಹಾರಿದರೆ ಕನಿಷ್ಠ 15 ನಿಮಿಷ ಶುದ್ಧ ನೀರಿನಿಂದ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ಮಾತು. 2001ರಲ್ಲಿ ಬೆಂಗಳೂರಿನಲ್ಲಿ ತಯಾರಾದ ರೇವಾ ವಿದ್ಯುತ್ ಕಾರಿನಲ್ಲಿ 6 ವೋಲ್ಟಿನ 8 ಸೀಸದ ಬ್ಯಾಟರಿ ಸೇರಿ 48 ವೋಲ್ಟ್ ಇತ್ತು. ಇಂದಿನ ಬಹಳಷ್ಟು ವಿದ್ಯುತ್ ಕಾರುಗಳಲ್ಲಿ ಲಿಥಿಯಂ ಬ್ಯಾಟರಿಯಿದ್ದು 300 ವೋಲ್ಟಿಗೂ ಮೀರಿರುತ್ತದೆ. ಅದು ಪ್ರಾಣಕ್ಕೇ ಅಪಾಯ. ಆ ದೊಡ್ಡ ಬ್ಯಾಟರಿಯನ್ನು ಮನೆಯಲ್ಲಿ ಮುಟ್ಟಲೇಬಾರದು.

ಹಳೆಯದು ಎಲ್ಲಿಗೆ?

ಬ್ಯಾಟರಿಯ ತೂಕದ ಅರ್ಧಕ್ಕಿಂತ ಹೆಚ್ಚು ಸೀಸವೇ. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ವಿಷ. ಹಿತ್ತಲಿನಲ್ಲಿ ಒಡೆದು ಸೀಸ ತೆಗೆಯುವುದು, ಆಮ್ಲವನ್ನು ಚರಂಡಿಗೆ ಚೆಲ್ಲುವುದು ಅಪಾಯಕರ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ಮರುಬಳಕೆಗೆ ಹೋಗಬೇಕು. ಹೊಸದನ್ನು ಕೊಳ್ಳುವ ಅಂಗಡಿಗೇ ಕೊಡಿ, ಬೆಲೆಯಲ್ಲಿ ಒಂದಷ್ಟು ಮುರಿದುಕೊಳ್ಳುವುದು ವಾಡಿಕೆ.

ಪೋಷಕರಲ್ಲಿ ಒಂದು ಸಲಹೆ. ಮುಂದಿನ ಸಲ ಬಾನೆಟ್ ಎತ್ತಿದಾಗ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ನಿಲ್ಲಿಸಿಕೊಂಡು 'ಮೈನಸ್ಸೇ ಏಕೆ ಮೊದಲು?' ಎಂದು ಕೇಳಿ. ಮಂಡಲದ ಚಿತ್ರ ಬರೆದು ಉತ್ತರ ಹೇಳಿದರೆ ಓಮನ ನಿಯಮ ಪರೀಕ್ಷೆಗಷ್ಟೇ ಅಲ್ಲ, ಜೀವಮಾನಕ್ಕೂ ನೆನಪಿರುತ್ತದೆ.