ಬೆನ್ನು ಹತ್ತುವವರ ಮನಸ್ಸು

ಬಸ್ ಸ್ಟ್ಯಾಂಡಿನಿಂದ ಕಾಲೇಜಿನವರೆಗೆ ದಿನವೂ ಹಿಂದೆ ಬರುವುದು, ಬೇಡವೆಂದರೂ ಮೇಲಿಂದ ಮೇಲೆ ಫೋನ್ ಮಾಡುವುದು, ಮನೆಯೆದುರು ಬೈಕ್ ನಿಲ್ಲಿಸಿಕೊಂಡು ಕಾಯುವುದು. ಇದನ್ನು ಜನ 'ಹುಡುಗಾಟಿಕೆ' ಎಂದೋ 'ಪ್ರೀತಿಯ ಹುಚ್ಚು' ಎಂದೋ ಕರೆದು ಸುಮ್ಮನಾಗುತ್ತಾರೆ. ಎಷ್ಟೋ ಸಿನಿಮಾಗಳಲ್ಲಿ ಹಿಂದೆ ಬಿದ್ದವನಿಗೇ ಕೊನೆಗೆ ನಾಯಕಿ ಒಲಿಯುತ್ತಾಳೆ. ವಾಸ್ತವದಲ್ಲಿ ಇದು ಪ್ರೀತಿಯಲ್ಲ. ಎಲ್ಲರಲ್ಲಿಯೂ ಹುಚ್ಚೂ ಅಲ್ಲ.

ಆಸ್ಟ್ರೇಲಿಯಾದಲ್ಲಿ ಮನೋವೈದ್ಯರಾಗಿದ್ದ ಪಾಲ್ ಮುಲ್ಲೆನ್ ಮತ್ತು ಸಂಗಡಿಗರು 1999ರಲ್ಲಿ ಇಂಥ 145 ಜನರ ಅಧ್ಯಯನ ಪ್ರಕಟಿಸಿ ಐದು ಬಗೆಗಳನ್ನು ಗುರುತಿಸಿದರು. ಅವರಲ್ಲಿ ದೊಡ್ಡ ಗುಂಪು, ಸಂಬಂಧ ಮುರಿದದ್ದನ್ನು ಒಪ್ಪಿಕೊಳ್ಳದವರದು. ಬಿಟ್ಟುಹೋದ ಹೆಂಡತಿಯನ್ನೋ ಗೆಳತಿಯನ್ನೋ ಮರಳಿ ಪಡೆಯುವ ಆಸೆ ಮತ್ತು ಅವಮಾನದ ಸೇಡು ಇವರಲ್ಲಿ ಒಟ್ಟಿಗೇ ಇರುತ್ತವೆ. ಬೆಳಿಗ್ಗೆ ಅಳುತ್ತ ಕ್ಷಮೆ ಕೇಳಿದವನು ಸಂಜೆ ಬೆದರಿಸಬಹುದು. ಹಿಂಸೆಯ ಅಪಾಯ ಇವರಿಂದಲೇ ಹೆಚ್ಚು. ಆದ್ದರಿಂದ 'ಅವನು ಪರಕೀಯನಲ್ಲವಲ್ಲ' ಎಂಬ ಧೈರ್ಯ ಸಲ್ಲದು.

ಇನ್ನು ಕೆಲವರಿಗೆ, ಪರಿಚಯವೇ ಇಲ್ಲದವರು ಅಥವಾ ದೊಡ್ಡ ಸ್ಥಾನದಲ್ಲಿರುವವರು ತಮ್ಮನ್ನು ಗುಟ್ಟಾಗಿ ಪ್ರೀತಿಸುತ್ತಿದ್ದಾರೆಂಬ ಅಚಲ ಭ್ರಮೆ. ಫ್ರಾನ್ಸಿನ ವೈದ್ಯ ಕ್ಲೆರಾಂಬೋ 1921ರಲ್ಲಿ ಇದನ್ನು ವಿವರಿಸಿದರು. ಹೆಂಗಸರಲ್ಲಿಯೂ ಇದುಂಟು. 'ಇಲ್ಲ' ಎಂದರೆ ಅದು ಪರೀಕ್ಷೆಯೆಂದು ತಿಳಿಯುತ್ತಾರೆ. ಇದು ಕಾಯಿಲೆ, ಬುದ್ಧಿವಾದದಿಂದ ಹೋಗದು, ಔಷಧಿ ಬೇಕು. ಉಳಿದವರಲ್ಲಿ ಹುಡುಗಿಯೊಡನೆ ಮಾತನಾಡುವ ರೀತಿಯೇ ತಿಳಿಯದವರು, ಅನ್ಯಾಯವಾಯಿತೆಂದು ಹಗೆ ಸಾಧಿಸುವವರು, ಅತ್ಯಾಚಾರದ ಉದ್ದೇಶದಿಂದ ಹೊಂಚು ಹಾಕುವ ಕೆಲವರು ಇದ್ದಾರೆ.

ತೊಂದರೆಗೊಳಗಾದವರು ಒಂದೇ ಸಲ, ಸ್ಪಷ್ಟವಾಗಿ 'ಬೇಡ' ಎಂದು ಹೇಳಿ ಅಲ್ಲಿಗೆ ಮಾತು ನಿಲ್ಲಿಸಬೇಕು. ನಲವತ್ತು ಕರೆಗಳ ನಂತರ ಬೈಯಲೆಂದೇ ಫೋನ್ ಎತ್ತಿದರೂ, 'ನಲವತ್ತು ಸಲ ಕಾಡಿದರೆ ಧ್ವನಿ ಕೇಳಿಸುತ್ತದೆ' ಎಂದು ಆತ ಕಲಿಯುತ್ತಾನೆ. ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಿ, ಅವೇ ಸಾಕ್ಷಿ. ಮಗಳ ಕಾಲೇಜು ಬಿಡಿಸಬೇಡಿರಿ, ತಪ್ಪು ಅವಳದಲ್ಲ. ಹಾಗೆ ಮಾಡಿದರೆ ಮುಂದಿನ ಸಲ ಅವಳು ನಿಮಗೆ ಹೇಳುವುದೇ ಇಲ್ಲ.

ಮಹಿಳೆಯನ್ನು ಹೀಗೆ ಹಿಂಬಾಲಿಸುವುದು 2013ರಿಂದ ಪ್ರತ್ಯೇಕ ಅಪರಾಧ. ಈಗ ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಿನಡಿ ಮೊದಲ ಸಲಕ್ಕೆ 3 ವರ್ಷ, ಮರುಕಳಿಸಿದರೆ 5 ವರ್ಷದವರೆಗೆ ಸೆರೆವಾಸ ಮತ್ತು ದಂಡ ಉಂಟು. ತುರ್ತಿಗೆ 112, ಮಹಿಳಾ ಸಹಾಯವಾಣಿ 181.

ಹಿಂದೆ ಬೀಳುವವನ ತಂದೆತಾಯಿಗಳಿಗೂ ಒಂದು ಮಾತು. 'ಮದುವೆ ಮಾಡಿದರೆ ಸರಿಹೋಗುತ್ತಾನೆ' ಎಂದು ಇನ್ನೊಬ್ಬರ ಮಗಳನ್ನು ತರಬೇಡಿರಿ. ನಿದ್ರೆ, ಊಟ, ಕೆಲಸ ಬಿಟ್ಟು ಅದೇ ಧ್ಯಾನದಲ್ಲಿದ್ದರೆ ಮನೋವೈದ್ಯರಿಗೆ ತೋರಿಸಿರಿ. ಅವನು ಬರಲು ಒಪ್ಪದಿದ್ದರೆ ಮೊದಲು ಮನೆಯವರೇ ಬಂದು ವಿವರ ಹೇಳಬಹುದು, ಅಥವಾ ಟೆಲಿ-ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.