ಡಾಲ್ಫಿನ್ ನಗುತ್ತಿಲ್ಲ

ಕಾರವಾರ, ಗೋಕರ್ಣ, ಮುರುಡೇಶ್ವರ, ಮಲ್ಪೆ: ನಮ್ಮ ಕರಾವಳಿಯಲ್ಲಿ ದಡದಿಂದಲೇ ಡಾಲ್ಫಿನ್ ಕಾಣುವ ಜಾಗಗಳು ಹಲವು. ಹೆಚ್ಚಾಗಿ ಕಾಣಿಸುವುದು ಗೂನುಬೆನ್ನಿನ ಡಾಲ್ಫಿನ್. ಅವು ಸೀಸನ್‌ನಲ್ಲಿ ಎಲ್ಲಿಂದಲೋ ಬಂದು ಹೋಗುತ್ತವೆ ಎಂದು ಪ್ರವಾಸಿಗಳು ತಿಳಿದಿರುತ್ತಾರೆ. ಹಾಗಲ್ಲ. ದಡಕ್ಕೆ ಹತ್ತಿರದ, ಆಳ ಕಡಿಮೆಯಿರುವ ನೀರೇ ಅವುಗಳ ಮನೆ. ಕಾಳಿಯಂಥ ನದಿ ಕಡಲು ಸೇರುವ ಅಳಿವೆಯಲ್ಲಿ ಮೀನು ಸಿಗುತ್ತದೆ, ಅವು ಅಲ್ಲಿ ಸುಳಿಯುತ್ತವೆ. ನಮ್ಮ ಬಲೆ, ಬೋಟು, ಬಂದರು, ಕೊಳಕು ನೀರು ಎಲ್ಲವೂ ಇರುವುದು ಇದೇ ಕಿರಿದಾದ ಪಟ್ಟಿಯಲ್ಲಿ. ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಈ ಪ್ರಭೇದ ಅಳಿವಿನ ಅಪಾಯದಲ್ಲಿರುವವುಗಳ ಸಾಲಿಗೆ ಸೇರಿರುವುದಕ್ಕೆ ಈ ನೆರೆಹೊರೆಯೇ ದೊಡ್ಡ ಕಾರಣ.

ಡಾಲ್ಫಿನ್ ಮೀನಲ್ಲ ಎಂಬುದು ಶಾಲೆಯ ಪಾಠದಲ್ಲೇ ಇದೆ. ಆದರೂ 'ನೀರಿನ ಪ್ರಾಣಿ ನೀರಲ್ಲಿ ಹೇಗೆ ಸಾಯುತ್ತೆ' ಎಂದು ಕೇಳುವವರಿದ್ದಾರೆ. ಅದು ಮರಿ ಹಾಕಿ ಹಾಲುಣಿಸುವ ಪ್ರಾಣಿ. ನೆತ್ತಿಯ ಮೇಲಿನ ಮೂಗಿನ ರಂಧ್ರದಿಂದ ಗಾಳಿ ಎಳೆದುಕೊಳ್ಳಲು ಕೆಲವು ನಿಮಿಷಕ್ಕೊಮ್ಮೆ ಮೇಲೆ ಬರಲೇಬೇಕು. ಬಲೆಗೆ ಸಿಕ್ಕರೆ ಮೇಲೆ ಬರಲಾಗದೆ ಉಸಿರುಗಟ್ಟಿ ಸಾಯುತ್ತದೆ. ನಿದ್ದೆಯಲ್ಲೂ ಅದರ ಮೆದುಳಿನ ಅರ್ಧ ಎಚ್ಚರವಾಗಿರುತ್ತದೆ.

ಬೆನ್ನಿನ ರೆಕ್ಕೆ ಕಂಡೊಡನೆ 'ಶಾರ್ಕ್!' ಎಂದು ಚೀರುವವರು ಬಾಲವನ್ನು ಗಮನಿಸಬೇಕು. ಡಾಲ್ಫಿನ್ ಬಾಲ ಅಡ್ಡವಾಗಿದ್ದು ಮೇಲೆ ಕೆಳಗೆ ಬಡಿಯುತ್ತದೆ, ಶಾರ್ಕಿನದು ನೆಟ್ಟಗಿದ್ದು ಅತ್ತಿತ್ತ ಬೀಸುತ್ತದೆ. ಬೆನ್ನಿನ ರೆಕ್ಕೆಯೇ ಇಲ್ಲದ, ದುಂಡು ತಲೆಯ ಪ್ರಾಣಿ ಕಂಡರೆ ಅದು ಡಾಲ್ಫಿನ್ ಮರಿಯಲ್ಲ, ಪಾರ್ಪಾಯಿಸ್ ಎಂಬ ಬೇರೆಯೇ ಜೀವಿ. ಡಾಲ್ಫಿನ್ ಇದ್ದಲ್ಲಿ ಶಾರ್ಕ್ ಬರುವುದಿಲ್ಲ ಎಂಬ ಮಾತಿಗೂ ಆಧಾರವಿಲ್ಲ. ಎರಡೂ ಒಂದೇ ಮೀನಿನ ಹಿಂಡನ್ನು ಹುಡುಕಿ ಬರಬಹುದು.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ನಂಬಿಕೆಯೆಂದರೆ ಆ 'ನಗು'. ಅದರ ಬಾಯಿಯ ಅಂಚು ಮೇಲಕ್ಕೆ ತಿರುಗಿರುವುದು ದವಡೆಯ ಆಕಾರದಿಂದ. ನೋವಲ್ಲೂ ಭಯದಲ್ಲೂ, ಸತ್ತ ಮೇಲೂ ಅದು ಹಾಗೆಯೇ ಕಾಣುತ್ತದೆ. ಆದರೆ ನಗುತ್ತಿದೆ ಎಂದು ನಂಬಿದ ಮೇಲೆ ಅದು ನಮ್ಮನ್ನು ನೋಡಲು ಬಂದಿದೆ, ಬೋಟಿನ ಜೊತೆ ಆಡುತ್ತಿದೆ ಎಂದು ನಂಬುವುದೂ ಸುಲಭವಾಗುತ್ತದೆ. ಬೋಟಿನ ಮುಂದಿನ ಅಲೆಯ ಮೇಲೆ ಸವಾರಿ ಮಾಡುವ ಬೇರೆ ಡಾಲ್ಫಿನ್‌ಗಳಿವೆ. ಗೂನುಬೆನ್ನಿನದು ಹಾಗೆ ಮಾಡುವುದು ಅಪರೂಪ. ಬೋಟು ಹತ್ತಿರವಾದಂತೆ ಅದು ಥಟ್ಟನೆ ದಿಕ್ಕು ಬದಲಿಸಿದರೆ, ಹೆಚ್ಚು ಹೊತ್ತು ಮುಳುಗಿದರೆ, ಗುಂಪು ಒತ್ತೊತ್ತಾಗಿ ಸೇರಿದರೆ, ತಾಯಿ ಮರಿಯನ್ನು ಬೋಟಿನಿಂದ ಆಚೆಗೆ ಕರೆದೊಯ್ದರೆ ಅದು ಆಟವಲ್ಲ, ತಪ್ಪಿಸಿಕೊಳ್ಳುವ ಪ್ರಯತ್ನ. ಕೆಸರು ನೀರಿನಲ್ಲಿ ಅದು ದಾರಿಯನ್ನೂ ಬೇಟೆಯನ್ನೂ ಹುಡುಕುವುದು ತಾನೇ ಹೊರಡಿಸಿದ ಸದ್ದಿನ ಮರುದನಿಯಿಂದ. ನಾಲ್ಕು ಬೋಟುಗಳ ಎಂಜಿನ್ ಸುತ್ತುವರಿದರೆ ಆ ಮರುದನಿ ಮುಚ್ಚಿಹೋಗುತ್ತದೆ. ಅದರ ಪಾಲಿಗೆ ಇದು ನಡು ಅಡವಿಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿದಂತೆ. ಪ್ರವಾಸಿ ಬೋಟಿನವರಿಗೆ ಇದು ಹೊಟ್ಟೆಪಾಡು, ಅದು ನನಗೂ ಗೊತ್ತು. ಅದಕ್ಕೇ ಹೇಳಬೇಕಾದವರು ದುಡ್ಡು ಕೊಟ್ಟು ಕೂತ ನಾವು: 'ಅಣ್ಣಾ, ಬೆನ್ನಟ್ಟಬೇಡಿ, ದೂರದಲ್ಲೇ ಎಂಜಿನ್ ನಿಧಾನ ಮಾಡಿ.' 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಡಾಲ್ಫಿನ್‌ಗೆ ಒಂದನೇ ಅನುಸೂಚಿಯ ರಕ್ಷಣೆಯಿದೆ. ಆ ಕಾಯ್ದೆಯಲ್ಲಿ 'ಬೇಟೆ' ಎಂದರೆ ಕೊಲ್ಲುವುದಷ್ಟೇ ಅಲ್ಲ, ಅಟ್ಟುವುದೂ ಆಮಿಷ ಒಡ್ಡುವುದೂ ಸೇರುತ್ತವೆ.

ತಪ್ಪು ನಂಬಿಕೆ ಇರುವುದು ಡಾಲ್ಫಿನ್ ಬಗ್ಗೆ ಮಾತ್ರವಲ್ಲ. ಕಡಲ ಹಾವಿನ ಬಾಯಿ ಚಿಕ್ಕದು, ಕಚ್ಚಲಾರದು ಎಂಬ ಭ್ರಮೆ ಜೀವಕ್ಕೇ ಎರವಾಗಬಹುದು. ಅದು ಕಚ್ಚಬಲ್ಲದು, ವಿಷವೂ ತೀವ್ರ. ಕಡಿತ ಹೆಚ್ಚಾಗಿ ಆಗುವುದು ಬಲೆಯಿಂದ ಬಿಡಿಸುವ ಮೀನುಗಾರರ ಕೈಗೆ. ನಾಗರ, ಮಂಡಲದಂಥ ನಾಲ್ಕು ನೆಲದ ಹಾವುಗಳಿಗಾಗಿ ನಮ್ಮಲ್ಲಿ ತಯಾರಾಗುವ ಪ್ರತಿವಿಷ ಇದಕ್ಕೆ ಮದ್ದಲ್ಲ. ಹಾಗಾಗಿ ಆಸ್ಪತ್ರೆಯಲ್ಲಿ ಕಚ್ಚಿದ್ದು ಕಡಲ ಹಾವು ಎಂದು ಹೇಳಲೇಬೇಕು. ಜೆಲ್ಲಿ ಮೀನು ಚುಚ್ಚಿದಲ್ಲಿ ಮೂತ್ರ ಹಾಕುವುದು, ಮರಳಿನಿಂದ ಉಜ್ಜುವುದು ಉರಿಯನ್ನು ಹೆಚ್ಚಿಸಬಹುದು.

ಮತ್ತೆ ಡಾಲ್ಫಿನ್ ವಿಷಯಕ್ಕೆ ಬಂದರೆ, ದಡಕ್ಕೆ ಬಿದ್ದದ್ದು ಕಂಡಾಗ ಒಳ್ಳೆಯ ಮನಸ್ಸಿನವರು ಮೊದಲು ಮಾಡುವುದು ಬಾಲ ಹಿಡಿದು ನೀರಿಗೆ ಎಳೆಯುವುದು. ಬಹಳ ಸಲ ಅದು ದಡ ಸೇರುವುದು ರೋಗದಿಂದ, ಗಾಯದಿಂದ, ಇಲ್ಲವೇ ತಾಯಿಯಿಂದ ಬೇರೆಯಾಗಿ. ಸುಮ್ಮನೆ ತಳ್ಳಿದರೆ ಮತ್ತೆ ದಡಕ್ಕೇ ಬಂದೀತು. ಎಳೆದರೆ ಬಾಲದ, ಈಜುರೆಕ್ಕೆಯ ಕೀಲು ಮುರಿದೀತು. ಮೊದಲು ಅರಣ್ಯ ಇಲಾಖೆಗೆ ತಿಳಿಸಬೇಕು. ಅವರು ಬರುವವರೆಗೆ ಹೊಟ್ಟೆ ಕೆಳಗಾಗಿ ನೇರ ಮಲಗಿಸಿ, ನೆರಳು ಮಾಡಿ, ಮೈಗೆ ಒದ್ದೆ ಬಟ್ಟೆ ಹೊದಿಸಿ ನೀರು ಹಾಕುತ್ತಿರಬೇಕು. ಅದರ ಚರ್ಮದಡಿಯ ದಪ್ಪ ಕೊಬ್ಬು ಬಿಸಿಲಲ್ಲಿ ಮೈಯನ್ನು ಬೇಯಿಸಿಬಿಡುತ್ತದೆ. ನೆತ್ತಿಯ ರಂಧ್ರಕ್ಕೆ ಮಾತ್ರ ಹನಿ ನೀರೂ ಮರಳೂ ಹೋಗಬಾರದು. ಜನ ದೂರ ಇರಬೇಕು, ಸೆಲ್ಫಿ ಬೇಡ.

ಸತ್ತು ಬಿದ್ದದ್ದನ್ನು ನಾತಕ್ಕೆ ಹೆದರಿ ಆತುರದಲ್ಲಿ ಹೂತುಬಿಡುವುದೂ ತಪ್ಪೇ. ಮೈಮೇಲಿನ ಬಲೆಯ ಗೀರು, ಪ್ರೊಪೆಲ್ಲರ್ ಗಾಯ, ಹೊಟ್ಟೆಯಲ್ಲಿ ಸಿಗುವ ಮೀನು ಅಥವಾ ಪ್ಲಾಸ್ಟಿಕ್ ನೋಡಿಯೇ ಅದು ಹೇಗೆ ಬದುಕಿತು, ಯಾಕೆ ಸತ್ತಿತು ಎಂದು ಪಶುವೈದ್ಯರೂ ಸಂಶೋಧಕರೂ ಹೇಳಬಲ್ಲರು. ಮುಟ್ಟದೆ ಫೋಟೊ ತೆಗೆದು, ಜಾಗ ಮತ್ತು ಹೊತ್ತು ಬರೆದಿಟ್ಟು ಇಲಾಖೆಗೆ ತಿಳಿಸಿದರೆ ಸಾಕು.